ಹೊರಗಿನ ವಿದ್ಯಾರ್ಥಿ: ಕೊಡಗಿನ ಕಡೆಯಿಂದ ಎಂಜಿನಿಯರಿಂಗ್ ಪದವಿಯ ಚರಿತ್ರೆ

ಭಾರತದಲ್ಲಿ ಎಂಜಿನಿಯರಿಂಗ್ ಓದುವುದೆಂದರೆ ಬಹುಕಾಲ ಊರು ಬಿಡುವುದೇ ಆಗಿತ್ತು. 19ನೆಯ ಶತಮಾನದಲ್ಲಿ ಈ ವಿದ್ಯೆಗೆ ಹೆಸರಾದ ಕಾಲೇಜುಗಳು ಮುಖ್ಯವಾಗಿ ನಾಲ್ಕು: ರೂರ್ಕಿ, ಪುಣೆ, ಮದ್ರಾಸು, ಕಲ್ಕತ್ತದ ಪಕ್ಕದ ಸಿಬ್‌ಪುರ. ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯ ಮೈಸೂರು ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ ಪುಣೆಗೆ ಹೋಗಿ 1883ರಲ್ಲಿ ಓದು ಮುಗಿಸಿದರು. ಮೊದಲ ಕೆಲಸವೂ ಮುಂಬಯಿ ಸರ್ಕಾರದಲ್ಲೇ ಸಿಕ್ಕಿತು. ಪರಸ್ಥಳಕ್ಕೆ ಓದಲು ಹೋದವನು ಅಲ್ಲೇ ನೌಕರಿ ಹಿಡಿಯುವ ಪರಿಪಾಠ ಇಂದಿನದೇನೂ ಅಲ್ಲ.

ಈ ಚರಿತ್ರೆಯನ್ನು ನೋಡಲು ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ರಸ್ತೆಯ ಮೇಲಿನ ಮೂರ್ನಾಡು ಒಳ್ಳೆಯ ಜಾಗ. ಸುತ್ತ ಕಾಫಿ ತೋಟ, ತಗ್ಗಿನಲ್ಲಿ ಗದ್ದೆ, ಪೇಟೆಯಲ್ಲಿ ಶಾಲೆ ಕಾಲೇಜುಗಳು. ರೈಲು ಈ ಜಿಲ್ಲೆಗೆ ಇವತ್ತಿಗೂ ಬಂದಿಲ್ಲ. ಇಲ್ಲಿಯ ಹುಡುಗ ಎಂಜಿನಿಯರ್ ಆಗಬೇಕೆಂದರೆ ಜಿಲ್ಲೆ ಬಿಟ್ಟು ಹೋಗಲೇಬೇಕೆಂಬ ಸ್ಥಿತಿ 21ನೆಯ ಶತಮಾನದ ಹೊಸ್ತಿಲವರೆಗೂ ಇತ್ತು. ಹೀಗೆ ಹೋದವನು ಯಾವ ಸರ್ಕಾರದ ಲೆಕ್ಕದಲ್ಲಿ ‘ನಮ್ಮವ’, ಯಾರ ಲೆಕ್ಕದಲ್ಲಿ ‘ಹೊರಗಿನವ’ ಎಂಬುದು ಕಾಲಕಾಲಕ್ಕೆ ಬದಲಾಯಿತು. ಸೀಟು, ಶುಲ್ಕ, ವಿದ್ಯಾರ್ಥಿವೇತನಗಳೆಲ್ಲ ಆ ಲೆಕ್ಕದ ಮೇಲೆಯೇ ನಿಂತಿದ್ದವು.

1834ರಲ್ಲಿ ಚಿಕ್ಕವೀರರಾಜೇಂದ್ರ ಪದಚ್ಯುತನಾದ ಮೇಲೆ ಕೊಡಗು ಬ್ರಿಟಿಷರ ನೇರ ಆಡಳಿತಕ್ಕೆ ಬಂತು. ರಾಜ 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ವಿಕ್ಟೋರಿಯಾ ರಾಣಿಯ ಆಸರೆಯಲ್ಲಿ ಆ ಹುಡುಗಿ ಇಂಗ್ಲಿಷ್ ರೀತಿನೀತಿ ಕಲಿತು ಬೆಳೆದಳು. ಸಮುದ್ರ ದಾಟಿ ಕಲಿತ ಕೊಡಗಿನವರ ಪಟ್ಟಿ ಮಾಡಿದರೆ ಮೊದಲ ಸಾಲಿನಲ್ಲಿ ಅವಳ ಹೆಸರು ಬರುತ್ತದೆ, ಅದು ಆಯ್ಕೆಯ ಓದಲ್ಲದಿದ್ದರೂ. ಅದೇ ದಶಕದಲ್ಲಿ ಎದುರು ದಿಕ್ಕಿನಿಂದ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳು ಕೊಡಗಿಗೆ ಬಂದರು. ವುರ್ಟೆಂಬರ್ಗಿನ ಹರ್ಮನ್ ಮೋಗ್ಲಿಂಗ್ ಇಲ್ಲಿ ನೆಲೆಸಿದರು, ಜಿ. ರಿಕ್ಟರ್ ಮಡಿಕೇರಿಯ ಸರ್ಕಾರಿ ಸೆಂಟ್ರಲ್ ಸ್ಕೂಲಿನ ಮುಖ್ಯಸ್ಥರಾಗಿ, ಶಾಲಾ ಇನ್‌ಸ್ಪೆಕ್ಟರಾಗಿ ಕೆಲಸ ಮಾಡಿದರು ಮತ್ತು 1870ರಲ್ಲಿ ಕೊಡಗಿನ ಕೈಪಿಡಿಯನ್ನು ಪ್ರಕಟಿಸಿದರು. ಶಾಲೆಗಳೇನೋ ಬೆಳೆದವು, ಕಾಲೇಜು ಮಾತ್ರ ಬರಲಿಲ್ಲ. ಮೆಟ್ರಿಕ್ ಆದವರು ಮಂಗಳೂರಿಗೋ ಮೈಸೂರಿಗೋ ಬೆಂಗಳೂರಿಗೋ ಮದ್ರಾಸಿಗೋ ಹೋಗಬೇಕಿತ್ತು. ಅವೆಲ್ಲವೂ ಬೇರೆ ಆಡಳಿತಕ್ಕೆ ಸೇರಿದ ಊರುಗಳು.

ಕೊಡಗಿನಲ್ಲಿ ಹುಟ್ಟುವ ಕಾವೇರಿ ಎಂಜಿನಿಯರುಗಳಿಗೆ ಕೆಲಸ ಕೊಟ್ಟದ್ದೂ ಕೊಡಗಿನ ಹೊರಗೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಇಂಥ ಕೆಲಸಗಳಿಗೆ ಜನ ಬೇಕೆಂಬ ಅರಿವು ಮೈಸೂರಿಗೆ ಬೇಗ ಬಂತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ (ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್) 1909ರಲ್ಲಿ ಸ್ಥಾಪನೆಯಾಗಿ 1911ರಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಬಂದವು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮೈಸೂರಿನ ಎನ್‌ಐಇ, ಬೆಂಗಳೂರಿನ ಬಿಎಂಎಸ್, ಹುಬ್ಬಳ್ಳಿಯ ಬಿವಿಬಿ ಕಾಲೇಜುಗಳು ಹುಟ್ಟಿದವು. ಮೂರ್ನಾಡಿನಿಂದ ನೋಡಿದರೆ ಅತ್ತ ಮೈಸೂರಿನ ಕಾಲೇಜು ಹತ್ತಿರವಾಯಿತು, ಆದರೆ ಅದು ಇನ್ನೂ ಬೇರೆ ರಾಜ್ಯದ ಕಾಲೇಜು. 1949ರಲ್ಲಿ ಮಡಿಕೇರಿಯಲ್ಲಿ ತೆರೆದ ಸರ್ಕಾರಿ ಕಾಲೇಜು, ಇಂದಿನ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜು, ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಕೊಡಗು ‘ಸಿ’ ದರ್ಜೆಯ ಪುಟ್ಟ ರಾಜ್ಯವಾಗಿತ್ತು, 1952ರಿಂದ ಸಿ.ಎಂ. ಪೂಣಚ್ಚ ಅದರ ಮುಖ್ಯಮಂತ್ರಿ. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯದಲ್ಲಿ ಸೇರಿದಾಗ, ಅಲ್ಲಿಯವರೆಗೆ ಹೊರರಾಜ್ಯದವನಾಗಿದ್ದ ಕೊಡಗಿನ ವಿದ್ಯಾರ್ಥಿ ಮೈಸೂರು, ಬೆಂಗಳೂರಿನ ಕಾಲೇಜುಗಳಲ್ಲಿ ಒಂದೇ ರಾತ್ರಿಯಲ್ಲಿ ಒಳಗಿನವನಾದ. ರಾಜ್ಯಗಳ ವಿಲೀನದ ಬಗ್ಗೆ ನಡೆದ ದೊಡ್ಡ ಚರ್ಚೆಗಳಲ್ಲಿ ಈ ಸಣ್ಣ ಲಾಭವನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕೊಡಗಿಗೆ ಇನ್ನೊಂದು ದಾರಿಯೂ ಇತ್ತು: ಸೈನ್ಯ. ಪುಣೆಯ ಕಾಲೇಜ್ ಆಫ್ ಮಿಲಿಟರಿ ಎಂಜಿನಿಯರಿಂಗ್, ಸಿಕಂದರಾಬಾದಿನ ಇಎಂಇ ಕಾಲೇಜುಗಳಲ್ಲಿ ಅಧಿಕಾರಿಗಳಿಗೆ ತಾಂತ್ರಿಕ ಶಿಕ್ಷಣ ಸಿಗುತ್ತಿತ್ತು. ಮನೆಮನೆಯಿಂದ ಸೇನೆಗೆ ಹೋಗುವ ನಾಡಿನಲ್ಲಿ ಶುಲ್ಕವಿಲ್ಲದ ಈ ಓದಿಗೆ ಬೆಲೆಯಿತ್ತು.

ವಿದೇಶದ ಓದು ಈ ಹೊತ್ತಿಗೆ ಸರ್ಕಾರಿ ಯೋಜನೆಯ ಭಾಗವಾಗಿತ್ತು. ಎರಡನೆಯ ಮಹಾಯುದ್ಧ ಮುಗಿಯುತ್ತಿದ್ದಂತೆ ಭಾರತ ಸರ್ಕಾರ ಪ್ರತಿಭಾವಂತರನ್ನು ಆರಿಸಿ ಹೊರದೇಶಕ್ಕೆ ಕಳುಹಿಸತೊಡಗಿತು. ಹಾಗೆ ಹೋದವರಲ್ಲಿ ನಂಜನಗೂಡಿನ ರಾಜೇಶ್ವರಿ ಒಬ್ಬರು, ಮುಂದೆ ರಾಜೇಶ್ವರಿ ಚಟರ್ಜಿ ಎಂದು ಪ್ರಸಿದ್ಧರಾದವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಸೇರಿದ್ದ ಅವರು 1947ರಲ್ಲಿ ಹಡಗೇರಿ ಅಮೆರಿಕಕ್ಕೆ ಹೋದರು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಮಾಸ್ಟರ್ಸ್ ಮುಗಿಸಿ, ಏಷ್ಯಾದ ಹೆಣ್ಣುಮಕ್ಕಳಿಗಾಗಿ ಇದ್ದ ಬಾರ್ಬರ್ ವಿದ್ಯಾರ್ಥಿವೇತನದ ನೆರವಿನಿಂದ ಪಿಎಚ್‌ಡಿ ಮಾಡಿ, 1953ರಲ್ಲಿ ಬೆಂಗಳೂರಿಗೆ ಮರಳಿದರು. ಮೈಕ್ರೋವೇವ್ ಎಂಜಿನಿಯರಿಂಗ್ ಪಾಠ, ಸಂಶೋಧನೆಗಳು ಆ ಸಂಸ್ಥೆಯಲ್ಲಿ ಬೇರೂರಿದ್ದು ಅವರು ಮತ್ತು ಅವರ ಪತಿ ಸಿಸಿರ್ ಕುಮಾರ್ ಚಟರ್ಜಿಯವರಿಂದ. ಕಳುಹಿಸಿದ ದೇಶಕ್ಕೆ ವಾಪಸಾಗಿ ಸೇವೆ ಮಾಡಬೇಕೆಂಬುದು ಆ ಕಾಲದ ವಿದ್ಯಾರ್ಥಿವೇತನದ ಹಿಂದಿದ್ದ ಎಣಿಕೆ. 1965ರಲ್ಲಿ ಅಮೆರಿಕ ವಲಸೆ ಕಾನೂನನ್ನು ಬದಲಿಸಿ ದೇಶವಾರು ಹಳೆಯ ಕೋಟಾ ತೆಗೆದುಹಾಕಿದಾಗ ಈ ಎಣಿಕೆ ತಪ್ಪಿತು. ಎಂಜಿನಿಯರಿಂಗ್ ಪದವಿ ಅಲ್ಲೇ ನೆಲೆಸುವ ಅರ್ಹತೆಯಾಯಿತು.

ಭಾರತ ಹೊರಗಿನವರನ್ನು ಬರಮಾಡಿಕೊಂಡದ್ದೂ ಇದೇ ದಶಕಗಳಲ್ಲಿ. 1950ರಲ್ಲಿ ಸ್ಥಾಪನೆಯಾದ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು (ಐಸಿಸಿಆರ್) ಆಫ್ರಿಕ, ಏಷ್ಯಾದ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಟ್ಟು ಕರೆಸಿತು. ಕೊಲಂಬೊ ಯೋಜನೆ ನೆರೆಯ ದೇಶಗಳವರಿಗೆ ದಾರಿ ಮಾಡಿತು. ಹೊಸದಾಗಿ ಸ್ವತಂತ್ರವಾದ ದೇಶಗಳಿಗೆ ರಸ್ತೆ, ಅಣೆಕಟ್ಟು, ವಿದ್ಯುತ್ ಬೇಕಿತ್ತು. ಇಂಗ್ಲಿಷಿನಲ್ಲಿ ಪಾಠ, ಇಂಗ್ಲೆಂಡಿಗಿಂತ ಬಹಳ ಕಡಿಮೆ ಖರ್ಚು, ತಮ್ಮ ದೇಶದಂಥದೇ ಬಿಸಿಲು ಮಳೆ, ತಮ್ಮ ದೇಶದಂಥದೇ ಬಡತನದ ನಡುವೆ ಕಟ್ಟುವ ಅನುಭವ: ಭಾರತದ ಪದವಿಗೆ ಇದ್ದ ಆಕರ್ಷಣೆ ಇಷ್ಟು. ಸುರತ್ಕಲ್ಲಿನಲ್ಲಿ 1960ರಲ್ಲಿ ಶುರುವಾದ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನ ಸ್ವರೂಪವೇ ಹಾಗಿತ್ತು. ಅರ್ಧ ಸೀಟು ರಾಜ್ಯಕ್ಕೆ, ಉಳಿದರ್ಧ ಬೇರೆ ರಾಜ್ಯಗಳಿಗೆ. ಕೊಡಗಿನ ಹುಡುಗನಿಗೆ ಬಿಹಾರದವನ, ಕೇರಳದವನ ಪಕ್ಕದ ಬೆಂಚು ಸಿಕ್ಕಿದ್ದು ಘಟ್ಟದ ಕೆಳಗಿನ ಈ ಕಡಲತೀರದಲ್ಲಿ.

ಸರ್ಕಾರ ಕರೆಯುವುದು ಒಂದು ಬಗೆ, ಮಾರುಕಟ್ಟೆ ಕರೆಯುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ಕರ್ನಾಟಕ ದೇಶಕ್ಕೇ ಮುಂದಿತ್ತು. ಮಣಿಪಾಲದಲ್ಲಿ ಟಿ.ಎಂ.ಎ. ಪೈ 1953ರಲ್ಲಿ ವೈದ್ಯಕೀಯ ಕಾಲೇಜು ತೆರೆದರು; 1957ರಲ್ಲಿ ಅಲ್ಲೇ ಎಂಜಿನಿಯರಿಂಗ್ ಕಾಲೇಜು ಬಂತು. ವಿದ್ಯಾರ್ಥಿಯ ಹಣದಿಂದಲೇ ಕಾಲೇಜು ಕಟ್ಟುವ ಈ ಮಾದರಿ ಮುಂದೆ ಹಬ್ಬಿತು. ರಾಜ್ಯದಲ್ಲಿ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ದೊಡ್ಡ ಅಲೆ ಎದ್ದದ್ದು 1979–80ರ ಸುಮಾರಿಗೆ. ಬೆಂಗಳೂರಿನಲ್ಲಿ ಹಲವು, ಶಿವಮೊಗ್ಗ, ಚಿಕ್ಕಮಗಳೂರುಗಳಲ್ಲಿ ಒಂದೊಂದು. 1980ರ ಜನವರಿಯಲ್ಲಿ ಮುಖ್ಯಮಂತ್ರಿಯಾದ ಆರ್. ಗುಂಡೂರಾವ್ ಕೊಡಗಿನ ಕುಶಾಲನಗರದವರು. ಆದರೂ ಆ ಅಲೆ ಕೊಡಗಿನ ಬೆಟ್ಟ ಹತ್ತಲಿಲ್ಲ. ಹತ್ತಿರದ ಅನುಕೂಲ ಒದಗಿದ್ದು ಸಂಪಾಜೆ ಘಟ್ಟದ ಕೆಳಗಿನ ಸುಳ್ಯದಲ್ಲಿ. ಕುರುಂಜಿ ವೆಂಕಟರಮಣ ಗೌಡರ ಕೆವಿಜಿ ಎಂಜಿನಿಯರಿಂಗ್ ಕಾಲೇಜು 1986ರಲ್ಲಿ ಅಲ್ಲಿ ಆರಂಭವಾಯಿತು. ಅರೆಭಾಷೆ ಆಡುವ ಕೊಡಗಿನ ಗೌಡ ಮನೆತನಗಳಿಗೆ ಸುಳ್ಯ ನೆಂಟರೂರು. ಹೀಗಾಗಿ ಅಲ್ಲಿಗೆ ಹೋಗುವುದು ಮನೆ ಬಿಟ್ಟಂತೆ ಅನ್ನಿಸುತ್ತಿರಲಿಲ್ಲ.

ಹೊರಗಿನವನ ಬೆಲೆಯನ್ನು ಕಾಗದದ ಮೇಲೆ ಬರೆದದ್ದೂ ಕರ್ನಾಟಕವೇ. ಡೊನೇಷನ್ ತಡೆಯಲೆಂದು 1984ರಲ್ಲಿ ಕಾನೂನು ಬಂತು. ಅದರಡಿ 1989ರಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ಹೊರಡಿಸಿದ ಅಧಿಸೂಚನೆಯ ಪ್ರಕಾರ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟುಗಳಲ್ಲಿ ಕರ್ನಾಟಕದವರಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ. ಮೀರತ್ತಿನ ವಿದ್ಯಾರ್ಥಿನಿ ಮೋಹಿನಿ ಜೈನ್ ಇದನ್ನು ಪ್ರಶ್ನಿಸಿದರು; 1992ರಲ್ಲಿ ಸುಪ್ರೀಂ ಕೋರ್ಟು ಇದನ್ನು ಡೊನೇಷನ್ನೇ ಎಂದು ಕರೆದು ರದ್ದುಮಾಡಿತು. ಮರುವರ್ಷ ಉಣ್ಣಿಕೃಷ್ಣನ್ ಪ್ರಕರಣದ ತೀರ್ಪು ವೃತ್ತಿಶಿಕ್ಷಣದ ಸೀಟುಗಳನ್ನು ಉಚಿತ ಸೀಟು, ಪೇಮೆಂಟ್ ಸೀಟು ಎಂದು ಪಾಲುಮಾಡಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣ ಆ ವ್ಯವಸ್ಥೆಯನ್ನು ಕಳಚಿತು. 2005ರ ಇನಾಮ್‌ದಾರ್ ತೀರ್ಪು ಎನ್‌ಆರ್‌ಐ ಕೋಟಾಕ್ಕೆ ಶೇ 15ರ ಮಿತಿ ಹಾಕಿತು. ಇದಲ್ಲದೆ ವಿದೇಶಿ ಪ್ರಜೆಗಳು, ಭಾರತೀಯ ಮೂಲದವರು ಮತ್ತು ಕೊಲ್ಲಿ ದೇಶಗಳಲ್ಲಿ ದುಡಿಯುವವರ ಮಕ್ಕಳಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು (ಎಐಸಿಟಿಇ) ಹೆಚ್ಚುವರಿ ಸೀಟುಗಳನ್ನು ಒದಗಿಸಿತು. ಹೊರಗಿನ ವಿದ್ಯಾರ್ಥಿ ಕೊಡುವ ಹೆಚ್ಚಿನ ಹಣದಿಂದ ಒಳಗಿನವನ ಶುಲ್ಕ ಇಳಿಸಬಹುದೆಂಬ ತರ್ಕವನ್ನು ನ್ಯಾಯಾಲಯವೂ ಒಂದು ಮಟ್ಟಿಗೆ ಒಪ್ಪಿತು.

ಒಳಗಿನವನು ಯಾರೆಂದು ತೀರ್ಮಾನಿಸುವ ಕೆಲಸ 1994ರಿಂದ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ ಸಿಇಟಿಯ ಪಾಲಿಗೆ ಬಂತು. ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕೆಂಬುದು ಮುಖ್ಯ ನಿಯಮ. ಅದಕ್ಕೆ ಎಷ್ಟೋ ವಿನಾಯಿತಿಗಳು: ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆಯಂಥ ಕಡೆಯ ಗಡಿನಾಡ ಕನ್ನಡಿಗರಿಗೆ, ಹೊರನಾಡ ಕನ್ನಡಿಗರಿಗೆ, ಸೈನಿಕರು ಮತ್ತು ನಿವೃತ್ತ ಸೈನಿಕರ ಮಕ್ಕಳಿಗೆ. ಕೊನೆಯದು ಕೊಡಗಿಗೆ ಬಲು ಮುಖ್ಯ. ಜಮ್ಮು, ಜೋಧಪುರ, ತೇಜಪುರಗಳ ಕೇಂದ್ರೀಯ ವಿದ್ಯಾಲಯಗಳಲ್ಲಿ ಬೆಳೆದ ಮಗು ಆ ವಿನಾಯಿತಿ ಇಲ್ಲದಿದ್ದರೆ ಅಪ್ಪನ ಸ್ವಂತ ಜಿಲ್ಲೆಯಲ್ಲೇ ಹೊರಗಿನವನಾಗುತ್ತಿತ್ತು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ರಾಜ್ಯದ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳು ಅದರ ಕೆಳಗೆ ಬಂದವು.

ಇದೇ ವರ್ಷಗಳಲ್ಲಿ ಕಾಫಿಯ ಲೆಕ್ಕವೂ ಬದಲಾಯಿತು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಕುಸಿಯಿತು. 1990ರ ದಶಕದಲ್ಲಿ ಬೆಳೆಯನ್ನು ಕಾಫಿ ಮಂಡಳಿಗೇ ಒಪ್ಪಿಸುವ ಪೂಲಿಂಗ್ ಪದ್ಧತಿ ಹಂತಹಂತವಾಗಿ ಕೊನೆಗೊಂಡು ಬೆಳೆಗಾರ ತಾನೇ ಮಾರುವಂತಾಯಿತು. 1994ರಲ್ಲಿ ಬ್ರೆಜಿಲಿನ ಕಾಫಿ ತೋಟಗಳಲ್ಲಿ ಹಿಮ ಕಟ್ಟಿದ ನಂತರ ಬೆಲೆ ಏರಿತು, 2000ದ ಸುಮಾರಿಗೆ ನೆಲಕಚ್ಚಿತು. ಏರಿದಾಗ ಮಕ್ಕಳ ಓದಿಗೆ ಹಣ ಬಂತು, ಇಳಿದಾಗ ತೋಟವನ್ನೇ ನೆಚ್ಚಿಕೊಳ್ಳಬಾರದೆಂಬ ಬುದ್ಧಿ ಬಂತು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ಜನರನ್ನು ಹುಡುಕುತ್ತಿದ್ದ ಕಾಲ ಅದು. ಕೊಡಗಿಗೆ ಸ್ವಂತ ಎಂಜಿನಿಯರಿಂಗ್ ಕಾಲೇಜು ಬಂದದ್ದೂ ಆಗಲೇ: ಕೊಡವ ಎಜುಕೇಷನ್ ಸೊಸೈಟಿ ಪೊನ್ನಂಪೇಟೆ ಬಳಿಯ ಹಳ್ಳಿಗಟ್ಟಿನಲ್ಲಿ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ತೆರೆಯಿತು; 2007ರಲ್ಲಿ ಕುಶಾಲನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. 1917ರಲ್ಲಿ ತೆರೆದ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿಗೆ 90 ವರ್ಷ ತುಂಬಿದ ವರ್ಷವದು.

ಕರ್ನಾಟಕದ ಕಾಲೇಜುಗಳು ವಿದೇಶದ ಕಡೆಗೂ ಬಾಗಿಲು ತೆರೆದವು. ಮಣಿಪಾಲ 1990ರ ದಶಕದಲ್ಲೇ ಮೊದಲೆರಡು ವರ್ಷ ಇಲ್ಲಿ, ಉಳಿದದ್ದು ವಿದೇಶದ ವಿಶ್ವವಿದ್ಯಾಲಯದಲ್ಲಿ ಎಂಬ ಜೋಡಿ ವ್ಯವಸ್ಥೆ ಮಾಡಿತು. ಎನ್‌ಐಟಿಗಳಿಗೆ ವಿದೇಶದಿಂದ ನೇರ ಪ್ರವೇಶ ಕೊಡುವ ‘ದಾಸಾ’ ಯೋಜನೆಯ ಹೊಣೆಯನ್ನು, ಈಗ ಎನ್‌ಐಟಿಯಾಗಿರುವ ಸುರತ್ಕಲ್ ಕಾಲೇಜು ಕೆಲವು ವರ್ಷ ಹೊತ್ತಿತ್ತು. 2018ರಲ್ಲಿ ಕೇಂದ್ರ ಸರ್ಕಾರ ‘ಸ್ಟಡಿ ಇನ್ ಇಂಡಿಯಾ’ ಆರಂಭಿಸಿತು. ಉನ್ನತ ಶಿಕ್ಷಣದ 2019–20ರ ಅಖಿಲ ಭಾರತ ಸಮೀಕ್ಷೆಯಲ್ಲಿ 168 ದೇಶಗಳ 49,348 ವಿದೇಶಿ ವಿದ್ಯಾರ್ಥಿಗಳು ದಾಖಲಾಗಿದ್ದಾರೆ. ಅವರಲ್ಲಿ ಶೇ 28ರಷ್ಟು ನೇಪಾಳದವರು. ಆಮೇಲೆ ಅಫ್ಗಾನಿಸ್ತಾನ, ಬಾಂಗ್ಲಾದೇಶ, ಭೂತಾನ್, ಸುಡಾನ್. ಆ ವರ್ಷ ಕೋರ್ಸುಗಳಲ್ಲಿ ಬಿ.ಟೆಕ್‌ಗೆ ಮೊದಲ ಸ್ಥಾನ, ರಾಜ್ಯಗಳಲ್ಲಿ 10,000ಕ್ಕೂ ಮೀರಿದ ಕರ್ನಾಟಕಕ್ಕೆ ಮೊದಲ ಸ್ಥಾನ. ಇಷ್ಟು ಮಂದಿಯನ್ನು ಕರೆದ ರಾಜ್ಯ ಎಲ್ಲ ಹೊತ್ತಿನಲ್ಲೂ ಅವರನ್ನು ಚೆನ್ನಾಗಿ ನಡೆಸಿಕೊಂಡಿತೆಂದು ಹೇಳುವಂತಿಲ್ಲ. 2016ರ ಜನವರಿ ಕೊನೆಯಲ್ಲಿ ಹೆಸರಘಟ್ಟದ ಬಳಿ, ಬೇರೊಬ್ಬ ವಿದೇಶಿ ವಿದ್ಯಾರ್ಥಿ ಮಾಡಿದ ಅಪಘಾತದ ಸಿಟ್ಟನ್ನು ಗುಂಪೊಂದು ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ತೀರಿಸಿಕೊಂಡಿತು. ಎರಡು ದೇಶಗಳ ಸರ್ಕಾರಗಳು ಮಾತಾಡಬೇಕಾಯಿತು. ಶುಲ್ಕದ ಪಟ್ಟಿಯಲ್ಲಿ ಸ್ವಾಗತ ಪಡೆದವನಿಗೆ ಬೀದಿಯಲ್ಲೂ ಅದೇ ಸ್ವಾಗತವಿರಲಿಲ್ಲ.

ಕರ್ನಾಟಕದಿಂದ ಹೊರಡುವವರ ಪ್ರವಾಹ ಇದಕ್ಕಿಂತ ಎಷ್ಟೋ ದೊಡ್ಡದು. ಅಮೆರಿಕದಲ್ಲಿ 2023–24ರಲ್ಲಿ ಭಾರತದ 3,31,602 ವಿದ್ಯಾರ್ಥಿಗಳಿದ್ದರು. ಚೀನಾವನ್ನು ಹಿಂದಿಕ್ಕಿ ಭಾರತ ಮೊದಲ ಸ್ಥಾನಕ್ಕೆ ಬಂದದ್ದು 2009ರ ನಂತರ ಇದೇ ಮೊದಲು. ಬಿಇ ಇಲ್ಲಿ, ಎಂಎಸ್ ಅಲ್ಲಿ ಎಂಬುದು ರೂಢಿಯ ಸೂತ್ರ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಬೋಧನಾ ಶುಲ್ಕವಿಲ್ಲವೆಂಬುದೂ ಕೊಡಗಿನ ಮನೆಗಳಿಗೆ ಗೊತ್ತಿದೆ, ಆದರೆ ಮೋಗ್ಲಿಂಗ್ ಹುಟ್ಟಿದ ಸೀಮೆಯಾದ ಬಾಡೆನ್-ವುರ್ಟೆಂಬರ್ಗ್ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೊ ಪಡೆಯುತ್ತದೆ. ಅಮೆರಿಕದ ಸೆಳೆತಕ್ಕೆ ಪದವಿಗಿಂತ ಪದವಿಯ ನಂತರದ ಕೆಲಸವೇ ಹೆಚ್ಚು ಕಾರಣ: ವಿಜ್ಞಾನ, ತಂತ್ರಜ್ಞಾನ ಓದಿದವರು ಒಂದು ವರ್ಷದ ತರಬೇತಿ ಅವಧಿಯ ಮೇಲೆ 2008ರಿಂದ 17 ತಿಂಗಳು, 2016ರಿಂದ 24 ತಿಂಗಳು ಹೆಚ್ಚುವರಿಯಾಗಿ ದುಡಿಯಬಹುದಾಯಿತು. ಆಮೇಲೆ ಎಚ್-1ಬಿ ಉದ್ಯೋಗ ವೀಸಾ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಣೆಯಾಯಿತು. ಅಮೆರಿಕದಲ್ಲೇ ಓದುತ್ತಿದ್ದು ವೀಸಾದ ಬಗೆ ಬದಲಿಸಿಕೊಳ್ಳುವವರಿಗೆ ಅದು ಅನ್ವಯಿಸದೆಂದು ಅಕ್ಟೋಬರಿನಲ್ಲಿ ಸ್ಪಷ್ಟನೆ ಬಂತು. ಬೆಂಗಳೂರಿನ ಕಂಪನಿಯಿಂದ ನೇರವಾಗಿ ಹೋಗುವ ದಾರಿ ದುಬಾರಿಯಾಗಿ, ಅಲ್ಲಿಯ ಕಾಲೇಜು ಸೇರಿ ಹೋಗುವ ಹಳೆಯ ದಾರಿಯೇ ಅಗ್ಗವಾಗಿ ಉಳಿಯಿತು.