ಮಲಗುತ್ತಿದ್ದ ಕೂಸು ಮತ್ತೆ ಏಳುವುದೇಕೆ?

ಮೂರು ತಿಂಗಳಿಗೇ ರಾತ್ರಿಯಿಡೀ ಮಲಗಲು ಕಲಿತಿದ್ದ ಕೂಸು ಒಂದು ವಾರದಿಂದ ಗಂಟೆಗೊಮ್ಮೆ ಎದ್ದು ಅಳುತ್ತದೆ. ಅಜ್ಜಿ ದೃಷ್ಟಿಯಾಗಿದೆ ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸುತ್ತಾರೆ. ಮೊಬೈಲು ‘ಸ್ಲೀಪ್ ರಿಗ್ರೆಷನ್’, ಅಂದರೆ ನಿದ್ರೆಯ ಹಿನ್ನಡೆ, ಎನ್ನುತ್ತದೆ. ಎರಡೂ ಬರೀ ಹೆಸರುಗಳು. ಕಾರಣ ತಿಳಿಯಲು ವಿಜ್ಞಾನಕ್ಕೆ ಬಹಳ ಕಾಲ ಹಿಡಿಯಿತು.

ಮೊದಲಿಗೆ ಇದ್ದದ್ದು ಬರೀ ಅಪ್ಪಣೆ. 1894ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅಮೆರಿಕದ ಮಕ್ಕಳ ವೈದ್ಯ ಎಮ್ಮೆಟ್ ಹೋಲ್ಟ್, ಹಟಕ್ಕೆ ಅಳುವ ಮಗುವನ್ನು ಅಳಲು ಬಿಡಿ ಎಂದರು. 1928ರಲ್ಲಿ ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್ ಮಕ್ಕಳನ್ನು ಮುದ್ದು ಮಾಡುವುದೇ ತಪ್ಪೆಂದರು. ಮಲಗಿದ ಮಗುವನ್ನು ರಾತ್ರಿಯಿಡೀ ಕೂತು ನೋಡುವ ತಾಳ್ಮೆ ಆ ಕಾಲಕ್ಕೆ ಇದ್ದಂತಿಲ್ಲ.

ನೋಡುವ ಕೆಲಸ ಶುರುವಾದದ್ದು 1950ರ ದಶಕದಲ್ಲಿ. ಶಿಕಾಗೊದಲ್ಲಿ ಸಂಶೋಧನಾ ವಿದ್ಯಾರ್ಥಿ ಯೂಜೀನ್ ಅಸೆರಿನ್‌ಸ್ಕಿ ಶಿಶುಗಳ ರೆಪ್ಪೆಯಡಿ ಕಣ್ಣು ಹೊರಳುವುದನ್ನು ಗಮನಿಸುತ್ತ ಹೊರಟವರು, 1953ರಲ್ಲಿ ಗುರು ಕ್ಲೈಟ್‌ಮನ್ ಜೊತೆ, ಕಣ್ಣುಗಳು ಚುರುಕಾಗಿ ಹೊರಳುವ ‘ರೆಮ್’ ನಿದ್ರೆಯನ್ನು ಲೋಕಕ್ಕೆ ತೋರಿಸಿದರು. ಹಸುಗೂಸಿನ ನಿದ್ರೆಯಲ್ಲಿ ಸುಮಾರು ಅರ್ಧ ಪಾಲು ಇದೇ. ಮೂರು–ನಾಲ್ಕು ತಿಂಗಳ ಹೊತ್ತಿಗೆ ನಿದ್ರೆಯ ಕಟ್ಟಡವೇ ಬದಲಾಗುತ್ತದೆ: ಗಾಢ ನಿದ್ರೆಯ ಹಂತಗಳು ಬೇರ್ಪಡುತ್ತವೆ, ಹಗಲು–ರಾತ್ರಿಯ ಗಡಿಯಾರ ಕೂಡಿಕೊಳ್ಳುತ್ತದೆ. ಮನೆ ದುರಸ್ತಿಯಾಗುವಾಗ ಸದ್ದು ತಪ್ಪೀತೆ?

ನನಗೆ ಬಹಳ ಮುಖ್ಯವೆನಿಸುವುದು 1957ರ ಲಂಡನ್ ಅಧ್ಯಯನ. ಸಂಶೋಧಕರಾದ ಮೂರ್ ಮತ್ತು ಉಕೊ ಕಂಡಂತೆ, ಶೇ. 70ರಷ್ಟು ಶಿಶುಗಳು ಮೂರು ತಿಂಗಳಿಗೆ ರಾತ್ರಿ ಮಲಗತೊಡಗಿದವು; ಆದರೆ ಹಾಗೆ ಮಲಗಿದವುಗಳಲ್ಲಿ ಸುಮಾರು ಅರ್ಧ ಅದೇ ವರ್ಷ ಮತ್ತೆ ಏಳತೊಡಗಿದವು. ಇಂದು ‘ರಿಗ್ರೆಷನ್’ ಎಂದು ಮಾರುತ್ತಿರುವ ಸರಕು ಆಗಲೇ ಲೆಕ್ಕಕ್ಕೆ ಸಿಕ್ಕಿತ್ತು. ಹೆಸರೂ ತಪ್ಪೇ: ಅಂಬೆಗಾಲಿಡುವ ಹೊತ್ತಿಗೆ ನಿದ್ದೆ ಕೆಟ್ಟರೆ ಅದು ಹಿನ್ನಡೆ ಹೇಗಾಯಿತು?

1970ರ ದಶಕದಲ್ಲಿ ಸಂಶೋಧಕ ಥಾಮಸ್ ಆ್ಯಂಡರ್ಸ್ ಮಲಗುವ ಕೋಣೆಗೆ ವಿಡಿಯೊ ಕ್ಯಾಮೆರಾ ತಂದರು. ‘ರಾತ್ರಿಯಿಡೀ ಮಲಗುವ’ ಮಕ್ಕಳೂ ಏಳುತ್ತಿದ್ದವು. ಅಳದೆ ತಾವಾಗಿಯೇ ಮತ್ತೆ ಮಲಗುತ್ತಿದ್ದವು, ಅಷ್ಟೆ. ನಮ್ಮ ಸೀರೆಯ ಜೋಲಿಯ ಗುಟ್ಟೂ ಇಲ್ಲಿದೆ. ತೂಗಿಸಿಕೊಂಡೇ ನಿದ್ದೆಹೋದ ಕೂಸು ನಡುರಾತ್ರಿ ಎಚ್ಚರವಾದಾಗಲೂ ತೂಗುವ ಕೈಯನ್ನೇ ಹುಡುಕುತ್ತದೆ.

ಈ ತಿಳಿವಿನ ಮೇಲೆ 1985ರಲ್ಲಿ ಅಮೆರಿಕದ ಮಕ್ಕಳ ವೈದ್ಯ ರಿಚರ್ಡ್ ಫರ್ಬರ್, ಅಳುವ ಮಗುವಿನ ಬಳಿ ಹೋಗುವ ಮುನ್ನ ಕಾಯುವ ಹೊತ್ತನ್ನು ಮೆಲ್ಲಗೆ ಹೆಚ್ಚಿಸುತ್ತ ಹೋಗುವ ವಿಧಾನ ಬರೆದರು. ಮಾನವಶಾಸ್ತ್ರಜ್ಞ ಜೇಮ್ಸ್ ಮೆಕೆನ್ನಾ ತಾಯಿ–ಮಗುವನ್ನು ಬೇರೆ ಮಾಡಿ ನಿದ್ರೆ ಅಳೆಯುವುದೇ ಸರಿಯಲ್ಲವೆಂದು ವಾದಿಸಿದರು. ಜಗಳ ಇನ್ನೂ ನಿಂತಿಲ್ಲ. ಮೆಲ್ಬರ್ನ್‌ನ ಹ್ಯಾರಿಯಟ್ ಹಿಸ್ಕಾಕ್ ತಂಡದ ಪ್ರಯೋಗದಲ್ಲಿ ಫರ್ಬರ್ ಹೇಳಿದಂಥ ವಿಧಾನಗಳನ್ನು ಕಲಿತ ತಾಯಂದಿರ ಖಿನ್ನತೆ ತಗ್ಗಿತು. ಐದು ವರ್ಷಗಳ ಬಳಿಕ, 2012ರ ವರದಿಯಲ್ಲಿ, ಮಕ್ಕಳಿಗೆ ಹಾನಿಯೂ ಕಾಣಲಿಲ್ಲ, ಬಹುಕಾಲ ಉಳಿಯುವ ಲಾಭವೂ ಕಾಣಲಿಲ್ಲ. 2018ರ ಕೆನಡಾ ಅಧ್ಯಯನವಂತೂ ಆರು ತಿಂಗಳ ಶಿಶುಗಳಲ್ಲಿ ಶೇ. 38ರಷ್ಟು ಒಂದೇ ಸಮನೆ ಆರು ತಾಸು ಮಲಗುವುದಿಲ್ಲ ಎಂದಿತು. ಅವೇನೂ ಬೆಳವಣಿಗೆಯಲ್ಲಿ ಹಿಂದುಳಿದಿರಲಿಲ್ಲ.

ಜ್ವರ, ಕಿವಿನೋವು, ಹಾಲು ಒಲ್ಲೆನ್ನುವುದು ಇದ್ದರೆ ವೈದ್ಯರಿಗೆ ತೋರಿಸಿ. ಇಲ್ಲವಾದರೆ ಮಲಗಿಸುವ ಹೊತ್ತು, ಮಬ್ಬು ಬೆಳಕು, ಜೋಗುಳ ಬದಲಿಸಬೇಡಿ. ಕೂಸನ್ನು ಅಂಗಾತವೇ ಮಲಗಿಸಿ. ಇನ್ನು, ಇದನ್ನು ಓದುತ್ತಿರುವ ಅಪ್ಪಂದಿರೇ, ಇವತ್ತು ನಡುರಾತ್ರಿ ಎರಡು ಗಂಟೆಯ ಪಾಳಿ ನಿಮ್ಮದು.