ಕಾಗದದ ಗೆರೆಯಿಂದ ಮೊದಲ ಮಾದರಿಯವರೆಗೆ: ಕರಕುಶಲದಲ್ಲಿ ಸ್ವಂತ ವಿನ್ಯಾಸ

ಮನಸ್ಸಿನಲ್ಲಿ ಮೂಡಿದ ಆಕಾರವೊಂದನ್ನು ಕಾಗದದ ಮೇಲೆ ಗೆರೆಗಳಲ್ಲಿ ಹಿಡಿದು, ಅನಂತರ ಮರ, ಲೋಹ, ಬಿದಿರು ಅಥವಾ ಬಟ್ಟೆಯಲ್ಲಿ ಅದರ ಮೊದಲ ಮಾದರಿಯನ್ನು ತಯಾರಿಸಿ ನೋಡುವುದು ವಿನ್ಯಾಸ ಕಾರ್ಯದ ಮೂಲಕ್ರಮ. ಕರಕುಶಲ ಕ್ಷೇತ್ರದಲ್ಲಿ ಈ ಎರಡು ಹಂತಗಳ ನಡುವಿನ ಅಂತರ ಹೊರನೋಟಕ್ಕೆ ತೋರುವುದಕ್ಕಿಂತ ದೊಡ್ಡದು. ಕಾಗದದ ಮೇಲೆ ಸಲೀಸಾಗಿ ಹರಿದ ಗೆರೆ ಕಡಸಲು ಯಂತ್ರದ ಮೇಲೆ ನಿಲ್ಲದೆ ಹೋಗಬಹುದು. ಕುಶಲಕರ್ಮಿಯ ಕೈಯಲ್ಲಿ ತಿದ್ದುಪಡಿಗೊಂಡ ಆಕಾರ ಮಾರುಕಟ್ಟೆಯಲ್ಲಿ ಇನ್ನೊಬ್ಬರ ಹೆಸರಿನಲ್ಲಿ ಚಲಾವಣೆಗೆ ಬರಲೂಬಹುದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಕಸುಬುಗಳು ಈ ವಿಷಯವನ್ನು ಅರಿಯಲು ಹತ್ತಿರದ ಉದಾಹರಣೆಗಳನ್ನು ಒದಗಿಸುತ್ತವೆ.

ಚನ್ನಪಟ್ಟಣ: ಅರ್ಧ ಚಿತ್ರ ಸಾಕು

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ, ರಾಜಧಾನಿಯಿಂದ ಸುಮಾರು 60 ಕಿ.ಮೀ. ದೂರದಲ್ಲಿರುವ ಚನ್ನಪಟ್ಟಣದ ಅರಗಿನ ಬೊಂಬೆಗಳಿಗೆ 2005–06ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಇಲ್ಲಿನ ಪಾರಂಪರಿಕ ಕಚ್ಚಾವಸ್ತು ಆಲೆ ಮರ. ಹಾಲೆ ಎಂದೂ ಕರೆಯಲಾಗುವ ಈ ಮರ ಬಿಳಿಚು ಬಣ್ಣದ್ದು, ಮೆದುವಾದದ್ದು, ನಯವಾದ ಎಳೆಯುಳ್ಳದ್ದು. ಒಣಗಿಸಿದ ಮರದ ತುಂಡನ್ನು ಕಡಸಲು ಯಂತ್ರಕ್ಕೆ (ಲೇತಿಗೆ) ಸಿಕ್ಕಿಸಿ, ತಿರುಗುತ್ತಿರುವಾಗಲೇ ಉಳಿಯಿಂದ ಆಕಾರ ಕೊಡಲಾಗುತ್ತದೆ. ಆ ಬಳಿಕ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಕೊನೆಗೆ ಕೇದಗೆ ಜಾತಿಯ ಒಣಗಿದ ಗರಿಯಿಂದ ಒತ್ತಿ ಉಜ್ಜಿದಾಗ ಅದಕ್ಕೆ ಹೊಳಪು ಬರುತ್ತದೆ.

ಕಡಸಲಿನಲ್ಲಿ ಹುಟ್ಟುವುದೆಲ್ಲವೂ ಒಂದು ನಡುಗೆರೆಯ ಸುತ್ತ ದುಂಡಾಗಿರುತ್ತದೆ. ಆದ್ದರಿಂದ ಇಲ್ಲಿ ಪೂರ್ತಿ ಬೊಂಬೆಯ ಚಿತ್ರ ಬೇಕಿಲ್ಲ. ನಡುಗೆರೆಯೊಂದನ್ನು ಎಳೆದು ಅದರ ಒಂದು ಬದಿಯ ಹೊರರೇಖೆಯನ್ನು ನಿಜ ಅಳತೆಯಲ್ಲಿ ಬರೆದರೆ ಸಾಕು. ಇನ್ನೊಂದು ಬದಿಯನ್ನು ಯಂತ್ರವೇ ಪೂರೈಸುತ್ತದೆ. ಆ ಅರ್ಧ ರೇಖೆಯನ್ನು ರಟ್ಟು ಅಥವಾ ತಗಡಿನಲ್ಲಿ ಕತ್ತರಿಸಿಕೊಂಡರೆ ಅದೇ ಅಚ್ಚು. ತಿರುಗುವುದನ್ನು ನಿಲ್ಲಿಸಿ ಅಚ್ಚನ್ನು ಮರಕ್ಕೆ ತಾಗಿಸಿದಾಗ ಎಲ್ಲಿ ಬೆಳಕು ನುಸುಳುತ್ತದೆಯೋ ಅಲ್ಲಿ ಆಕಾರ ಇನ್ನೂ ಕೂಡಿಲ್ಲವೆಂದು ತಿಳಿಯಬೇಕು.

ನಗರದ ವಿನ್ಯಾಸಕಾರರು ತರುವ ಚಿತ್ರಗಳು ಎಡವುವುದು ಸಾಮಾನ್ಯವಾಗಿ ಮೂರು ಕಡೆ. ಆಲೆ ಮರ ಭಾರೀ ಗಾತ್ರಕ್ಕೆ ಬೆಳೆಯುವಂಥದ್ದಲ್ಲವಾದ್ದರಿಂದ ಬೊಂಬೆಯ ದಪ್ಪವನ್ನು ಚಿತ್ರಕಾರನಿಗಿಂತ ಮೊದಲು ಮರವೇ ತೀರ್ಮಾನಿಸಿರುತ್ತದೆ. ಎರಡನೆಯದಾಗಿ, ಆಳವಾದ ಇಕ್ಕಟ್ಟು ಕೊರಕಲಿಗೆ ಅರಗಿನ ಕಡ್ಡಿಯೂ ಹೋಗದು, ಗರಿಯೂ ತಲುಪದು. ಕಾಗದದಲ್ಲಿ ಚೆಂದ ಕಂಡ ಆ ತೆಳು ಗೀರು ಮಾದರಿಯಲ್ಲಿ ಹೊಳಪಿಲ್ಲದ ಮಸುಕು ಗೆರೆಯಾಗಿ ಉಳಿಯುತ್ತದೆ. ಮೂರನೆಯದು, ಜೋಡಣೆಯ ಜಾಗ. ಕೈ, ಕಾಲು, ಚಕ್ರ ಮುಂತಾದ ದುಂಡಿನಾಚೆಯ ಭಾಗಗಳನ್ನು ಬೇರೆಯಾಗಿ ಕಡೆದು ಗೂಟದಿಂದ ಕೂಡಿಸಬೇಕಾಗುತ್ತದೆ. ಒಣಗುವಾಗ ಮರ ಉದ್ದಕ್ಕೆ ಕುಗ್ಗುವುದು ಅತ್ಯಲ್ಪ, ಅಡ್ಡಕ್ಕೆ ಹೆಚ್ಚು. ಹಸಿ ಉಳಿದ ಮರದಲ್ಲಿ ಬಿಗಿಯಾಗಿ ಕೂತ ಗೂಟ ಕೆಲವು ವಾರಗಳಲ್ಲೇ ಸಡಿಲಗೊಳ್ಳಬಹುದು. ಹೀಗಾಗಿ ಮೊದಲ ಮಾದರಿಯನ್ನು ತಯಾರಿಸಿದ ದಿನವೇ ಮೆಚ್ಚಿ ನೂರರ ಲೆಕ್ಕದಲ್ಲಿ ಬೇಡಿಕೆ ಸಲ್ಲಿಸುವುದು ದುಡುಕಿನ ಕೆಲಸವೇ ಸರಿ. ಮಾದರಿಯನ್ನು ಕೆಲಕಾಲ ಇಟ್ಟು ನೋಡಬೇಕು.

ಮಕ್ಕಳ ಆಟಿಕೆಯಾದರೆ ಇನ್ನೊಂದು ಪರೀಕ್ಷೆಯೂ ಉಂಟು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಯಾವ ಬಿಡಿ ಭಾಗವೂ 31.7 ಮಿ.ಮೀ. ವ್ಯಾಸದ ಪರೀಕ್ಷಾ ಕೊಳವೆಯೊಳಗೆ ಪೂರ್ತಿ ಇಳಿಯಬಾರದು ಎಂಬುದು ಅಂತಾರಾಷ್ಟ್ರೀಯವಾಗಿಯೂ ಭಾರತದಲ್ಲಿಯೂ ಪಾಲಿಸಲಾಗುವ ಅಳತೆ. ಆಟಿಕೆಗಳಿಗೆ ಗುಣಮಟ್ಟದ ಮುದ್ರೆಯನ್ನು ಕಡ್ಡಾಯಗೊಳಿಸಿದ ಕೇಂದ್ರದ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂದಿತಾದರೂ, ನೋಂದಾಯಿತ ಕುಶಲಕರ್ಮಿಗಳು ಮತ್ತು ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರಿಗೆ 2020ರ ಡಿಸೆಂಬರ್‌ನಲ್ಲೇ ವಿನಾಯಿತಿ ನೀಡಲಾಯಿತು. ವಿನಾಯಿತಿ ಇದ್ದರೂ ಮಾದರಿಯನ್ನು ಈ ಅಳತೆಗೆ ಒಡ್ಡಿ ನೋಡುವುದು ವಿವೇಕ. ತಲೆಯ ಮೇಲಿನ ಪುಟ್ಟ ಗುಂಡನ್ನು ದೊಡ್ಡದು ಮಾಡಬೇಕೋ, ಒಂದೇ ಮರದಲ್ಲಿ ಸೇರಿಸಿ ಕಡೆಯಬೇಕೋ ಎಂಬುದು ಈ ಹಂತದಲ್ಲಿ ತಿಳಿದರೆ ನಷ್ಟ ಒಂದು ತುಂಡು ಮರದ್ದು ಮಾತ್ರ.

ಚಿತ್ರವೇ ಇಲ್ಲದ ವಿನ್ಯಾಸ

ಚನ್ನಪಟ್ಟಣದಿಂದ ಕನಕಪುರದ ಕಡೆಗೆ ಬಂದರೆ ವಿನ್ಯಾಸದ ಇನ್ನೊಂದು ಬಗೆ ಕಾಣಸಿಗುತ್ತದೆ. ಕನಕಪುರ, ಹಾರೋಹಳ್ಳಿ, ಮರಳವಾಡಿ ಸುತ್ತಮುತ್ತ ರೇಷ್ಮೆ ಸಾಕಣೆ ಹಳೆಯ ಜೀವನೋಪಾಯ. ಹಣ್ಣಾದ ಹುಳು ಗೂಡು ಕಟ್ಟಲು ಬೇಕಾದ ಚಂದ್ರಿಕೆ ಬಿದಿರಿನದು. ಸುಮಾರು 6 ಅಡಿ ಉದ್ದ, 4 ಅಡಿ ಅಗಲದ ಹೆಣೆದ ತಟ್ಟಿಯ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಕಟ್ಟಲಾಗುತ್ತದೆ. ಸುರುಳಿಯ ಎರಡು ಸುತ್ತುಗಳ ನಡುವಿನ ಅಂತರ ಹೆಚ್ಚಾದರೆ ಹುಳುವಿಗೆ ನೂಲಿನ ಆಸರೆ ಸಿಗದು. ಕಡಿಮೆಯಾದರೆ ಗಾಳಿಯಾಡದೆ ಗೂಡು ಕೆಡುತ್ತದೆ, ಜೋಡಿ ಗೂಡುಗಳೂ ಹೆಚ್ಚುತ್ತವೆ. ಈ ಅಂತರವನ್ನು ಕಂಡುಹಿಡಿದ ವಿನ್ಯಾಸಕಾರನ ಹೆಸರು ಎಲ್ಲಿಯೂ ಇಲ್ಲ. ಹೆಣೆಯುವವರು ಮತ್ತು ಹುಳು ಸಾಕುವವರು ಬೆಳೆಯಿಂದ ಬೆಳೆಗೆ ತಿದ್ದುತ್ತಾ ಬಂದ ಮಾದರಿ ಅದು. ಪ್ಲಾಸ್ಟಿಕ್‌ನ ಬದಲಿಗಳು ಬಂದ ಮೇಲೂ ಅವುಗಳನ್ನು ಅಳೆಯುವುದು ಚಂದ್ರಿಕೆಯ ಫಲಿತಾಂಶದ ಜೊತೆಗೇ.

ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸರ್ಕಾರದ ಕೋರಿಕೆಯಂತೆ 1958ರಲ್ಲಿ ಸಲ್ಲಿಸಿದ ವರದಿಯಲ್ಲಿ ನಮ್ಮ ಮನೆಗಳ ಲೋಟ-ಚೊಂಬಿನ ಬಗ್ಗೆ ಹೇಳಿದ್ದೂ ಬಹುಮಟ್ಟಿಗೆ ಇಂಥದ್ದೇ ಮಾತು. ಆ ವರದಿಯ ಹಿನ್ನೆಲೆಯಲ್ಲಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಗೊಂಡಿತು.

ರಾಜ್ಯದ ಇತರ ಕಸುಬುಗಳಲ್ಲಿ ಚಿತ್ರದ ಸ್ಥಾನ ಬೇರೆ ಬೇರೆ. ಧಾರವಾಡ ಸೀಮೆಯ ಕಸೂತಿಯಲ್ಲಿ ಬಟ್ಟೆಯ ಮೇಲೆ ನಕ್ಷೆ ಬರೆಯುವ ಪದ್ಧತಿಯೇ ಇಲ್ಲ. ಎಳೆಗಳನ್ನು ಎಣಿಸಿ ಸೂಜಿ ನಡೆಸುತ್ತಾರೆ. ಗವಂತಿ ಹೊಲಿಗೆಯಲ್ಲಿ ಹೋದ ದಾರಿಯಲ್ಲೇ ದಾರ ಹಿಂದಿರುಗಿ ಬಿಟ್ಟ ಜಾಗಗಳನ್ನು ತುಂಬಬೇಕು, ಎರಡೂ ಮಗ್ಗುಲು ಒಂದೇ ರೀತಿ ಕಾಣಬೇಕು. ಆದ್ದರಿಂದ ಹೊಸ ಚಿತ್ತಾರ ಯೋಚಿಸುವವರು ಚೌಕಳಿ ಕಾಗದದ ಮೇಲೆ ಆಕಾರವನ್ನಷ್ಟೇ ಬರೆದರೆ ಸಾಲದು, ಸೂಜಿಯ ದಾರಿಯನ್ನೂ ಬರೆದುಕೊಳ್ಳಬೇಕು. ಬೀದರಿನ ಬಿದರಿ ಕಲೆಯಲ್ಲಿ ಸತು-ತಾಮ್ರ ಮಿಶ್ರಲೋಹದ ಎರಕದ ಮೈಗೆ ಮೈಲುತುತ್ತದ ದ್ರಾವಣ ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಅದರ ಮೇಲೆ ಮೊನೆಯಿಂದ ನೇರವಾಗಿ ಗೀಚಿದ ಬಿಳಿ ಗೆರೆಯೇ ಚಿತ್ರ. ಅದನ್ನೇ ಉಳಿಯಿಂದ ಕೊರೆದು ಬೆಳ್ಳಿ ಕೂರಿಸುವುದರಿಂದ ಅಲ್ಲಿ ಚಿತ್ರವೂ ಮಾದರಿಯೂ ಒಂದೇ ವಸ್ತುವಿನಲ್ಲಿ ಕೂಡಿಕೊಂಡಿವೆ.

ವಿನ್ಯಾಸದ ಒಡೆತನ ಯಾರದು?

ಭೌಗೋಳಿಕ ಸೂಚಕ ದೊರೆತ ಮೇಲೆ ಬೊಂಬೆಯ ಆಕಾರಗಳಿಗೂ ರಕ್ಷಣೆ ಸಿಕ್ಕಿತೆಂಬ ತಿಳಿವಳಿಕೆ ವ್ಯಾಪಕವಾಗಿದೆ. ಇದು ಸರಿಯಲ್ಲ. 2003ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಆ ಕಾನೂನು ಕಾಯುವುದು ಊರಿನ ಹೆಸರನ್ನು, ಸಮುದಾಯದ ಪರವಾಗಿ. ವ್ಯಕ್ತಿಯೊಬ್ಬರು ಹೊಸದಾಗಿ ರೂಪಿಸಿದ ಆಕಾರಕ್ಕೆ ರಕ್ಷಣೆ ಬೇಕಾದರೆ 2000ದ ವಿನ್ಯಾಸಗಳ ಕಾಯ್ದೆಯಡಿ ನೋಂದಣಿಯಾಗಬೇಕು. ನೋಂದಣಿಯ ಅವಧಿ 10 ವರ್ಷ, ಮತ್ತೆ 5 ವರ್ಷ ವಿಸ್ತರಿಸಬಹುದು. ಕೈಯಿಂದ ತಯಾರಿಸಿದ ವಸ್ತುಗಳೂ ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ.

ಆದರೆ ಷರತ್ತು ಕಠಿಣವಾದುದು. ಅರ್ಜಿಗೆ ಮೊದಲೇ ವಿನ್ಯಾಸವು ಸಾರ್ವಜನಿಕವಾಗಿ ಪ್ರಕಟವಾಗಿದ್ದರೆ ಅದು ಹೊಸದೆನಿಸುವುದಿಲ್ಲ. ಮೇಳದಲ್ಲಿ ಮಾರಾಟಕ್ಕಿಟ್ಟ ಮಾದರಿ, ಅಂತರ್ಜಾಲಕ್ಕೆ ಏರಿಸಿದ ಛಾಯಾಚಿತ್ರ ಎರಡೂ ಪ್ರಕಟಣೆಯೇ. ಕೇಂದ್ರ ಸರ್ಕಾರ ಅಧಿಸೂಚಿಸಿದ ಪ್ರದರ್ಶನಗಳಿಗೆ ಮುಂಚಿತ ಸೂಚನೆ ನೀಡಿ, 6 ತಿಂಗಳೊಳಗೆ ಅರ್ಜಿ ಸಲ್ಲಿಸಿದರೆ ಮಾತ್ರ ರಿಯಾಯಿತಿ ಇದೆ. ವಿಶ್ವಾಸದ ಮೇಲೆ ಕಡಸಲಿನವರಿಗೆ ಚಿತ್ರ ತೋರಿಸಿ ಮಾದರಿ ಮಾಡಿಸಿಕೊಂಡರೆ ಅದು ಪ್ರಕಟಣೆಯಾಗುವುದಿಲ್ಲ.

ಕಾಗದದ ಚಿತ್ರಕ್ಕೆ ಹೇಗೂ ಹಕ್ಕುಸ್ವಾಮ್ಯ ಇದೆಯಲ್ಲ ಎಂದು ನಂಬಿ ಕೂರುವವರಿಗೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 15ನೇ ಕಲಮು ಓದಲೇಬೇಕಾದದ್ದು. ನೋಂದಣಿಗೆ ಅರ್ಹವಾಗಿದ್ದೂ ನೋಂದಣಿಯಾಗದ ವಿನ್ಯಾಸವನ್ನು ಹಕ್ಕುದಾರರು ಅಥವಾ ಅವರ ಅನುಮತಿ ಪಡೆದವರು ಕೈಗಾರಿಕಾ ಪ್ರಕ್ರಿಯೆಯಲ್ಲಿ 50ಕ್ಕಿಂತ ಹೆಚ್ಚು ಬಾರಿ ಪುನರುತ್ಪಾದಿಸಿದೊಡನೆ ಅದರ ಮೇಲಿನ ಹಕ್ಕುಸ್ವಾಮ್ಯ ಕೊನೆಗೊಳ್ಳುತ್ತದೆ. ಚೆನ್ನಾಗಿ ಮಾರಾಟವಾಗುವ ಬೊಂಬೆಯೊಂದು ಈ ಸಂಖ್ಯೆಯನ್ನು ದಾಟಲು ಹೆಚ್ಚು ಕಾಲ ಬೇಕಾಗದು.

ಕುಶಲಕರ್ಮಿಗಳ ಪಾಲಿಗೆ ಹೆಚ್ಚು ತೊಡಕಿನದು ವಿನ್ಯಾಸಗಳ ಕಾಯ್ದೆಯಲ್ಲಿನ ಒಡೆಯನ ವ್ಯಾಖ್ಯೆ. ಪ್ರತಿಫಲ ಪಡೆದು ಇನ್ನೊಬ್ಬರಿಗಾಗಿ ವಿನ್ಯಾಸ ರೂಪಿಸಿದ್ದರೆ, ಯಾರಿಗಾಗಿ ರೂಪಿಸಲಾಯಿತೋ ಅವರೇ ಒಡೆಯರು. ನಗರದಿಂದ ಬಂದ ಚಿತ್ರ ಕಡಸಲಿನ ಮೇಲೆ ನಿಲ್ಲದಿದ್ದಾಗ ಕೊರಕಲನ್ನು ಅಗಲಿಸಿ, ಗೂಟದ ಜಾಗ ಬದಲಿಸಿ, ಕುತ್ತಿಗೆಯನ್ನು ದಪ್ಪಗೊಳಿಸಿ ಅದನ್ನು ಬೊಂಬೆಯಾಗಿಸಿದ ಕೈಯ ಉಲ್ಲೇಖ ನೋಂದಣಿ ಪತ್ರದಲ್ಲಿ ಬರಬೇಕೆಂಬ ನಿಯಮವಿಲ್ಲ. ಇದನ್ನು ತಪ್ಪಿಸಲು ಇರುವ ದಾರಿ ಸರಳ, ಪಾಲಿಸುವವರು ವಿರಳ: ಮೂಲ ಚಿತ್ರ, ಪ್ರತಿ ಮಾದರಿ ಮತ್ತು ಅದರಲ್ಲಿ ಮಾಡಿದ ತಿದ್ದುಪಡಿಗಳಿಗೆ ದಿನಾಂಕ ಹಾಕಿ ಇಬ್ಬರೂ ಸಹಿ ಮಾಡುವುದು, ಒಡೆತನ ಜಂಟಿಯೋ, ಕೂಲಿಯ ಲೆಕ್ಕವೋ ಎಂಬುದನ್ನು ಮೊದಲ ಮಾದರಿಗೆ ಮುನ್ನವೇ ಬರೆದಿಡುವುದು. ಅರ್ಜಿಯನ್ನು ಕೋಲ್ಕತ್ತದ ಜೊತೆಗೆ ಚೆನ್ನೈನ ಪೇಟೆಂಟ್ ಕಚೇರಿಯಲ್ಲೂ ಸಲ್ಲಿಸಬಹುದಾಗಿದ್ದು, ಆಟಿಕೆಗಳು ವಿನ್ಯಾಸ ವರ್ಗೀಕರಣದ 21ನೇ ವರ್ಗದಲ್ಲಿ ಬರುತ್ತವೆ. ವಿನ್ಯಾಸವನ್ನು ತೋರಿಸುವ ಚಿತ್ರಗಳು ಅಥವಾ ಛಾಯಾಚಿತ್ರಗಳನ್ನು ಅರ್ಜಿಯೊಂದಿಗೆ ಲಗತ್ತಿಸಬೇಕು.