ಚಪಲ್‌ನ ಕೊಳವೆ, ಪುಲಿಗೆರೆಯ ಕಲ್ಲು: ಒಂದು ಯುದ್ಧನೌಕೆಯ ಕಾಲನಿರ್ಣಯ

ಗದಗಿನಲ್ಲಿ ನಡೆದ ವಿಚಾರ ಸಂಕಿರಣವೊಂದರಲ್ಲಿ ನಮ್ಮ ಭಾಗದ ಹಿರಿಯ ಸಂಶೋಧಕರೊಬ್ಬರು ಮಂಡಿಸಿದ ಪ್ರಬಂಧವೇ ಈ ಬರಹಕ್ಕೆ ಕಾರಣ. ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ‘ಐಎನ್‌ಎಸ್ ಚಪಲ್’ 1971ರ ಡಿಸೆಂಬರಿನಲ್ಲಿ ಕರಾಚಿಯ ಮೇಲೆ ಎರಗಿದ ಹಡಗು ಎಂಬುದು ಅವರ ಮೊದಲ ಮಾತು. ಅದರ ಹಿಂದುಮುಂದಿನ ಸ್ವಯಂಚಾಲಿತ, ‘ಉಭಯೋದ್ದೇಶದ’ ಗನ್‌ಗಳು ಆ ಯುದ್ಧದ ಸಾಕ್ಷಿಗಳು ಎಂಬುದು ಎರಡನೆಯದು. ಅದೇ ಯುದ್ಧದಲ್ಲಿದ್ದ ‘ಮೈಸೂರು’ ಹಡಗೂ ವಿಮಾನ, ಹಡಗು ಎರಡನ್ನೂ ಹೊಡೆಯಬಲ್ಲ ಸ್ವಯಂಚಾಲಿತ ಗನ್‌ಗಳನ್ನು ಹೊತ್ತಿತ್ತು ಎಂಬುದು ಮೂರನೆಯದು. ಮೂರೂ ತಪ್ಪು, ಆದರೆ ಮೂರೂ ಒಂದೇ ಬಗೆಯ ತಪ್ಪಲ್ಲ. (ಹಿರಿಯರ ಹೆಸರು ಹೇಳುವುದಿಲ್ಲ. ಲಕ್ಷ್ಮೇಶ್ವರದ ಶಾಸನಗಳ ಮುಂದೆ ಕೂಡ್ರಿಸಿ ನನಗೆ ಅಕ್ಷರ ತೋರಿಸಿದವರು ಅವರು. ಅವರ ಮಾತನ್ನು ಅವರೇ ಕಲಿಸಿದ ವಿಧಾನದಿಂದ ಒರೆಗೆ ಹಚ್ಚುತ್ತಿದ್ದೇನೆ, ಅಷ್ಟೇ.)

ಮೊದಲು ಹೆಸರು. ನಮ್ಮ ಪತ್ರಿಕೆಗಳಲ್ಲಿ ಈ ಹಡಗು ‘ಚಾಪೆಲ್’ ಎಂದೂ ಕಾಣಿಸುತ್ತದೆ. ಚಪಲ ಎಂದರೆ ಚುರುಕು, ಒಂದೆಡೆ ನಿಲ್ಲದ್ದು; ಕ್ಷಿಪಣಿ ದೋಣಿಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲ. ಇಂಗ್ಲಿಷ್ ಅಕ್ಷರಗಳಿಂದ ಮರಳಿ ಕನ್ನಡಕ್ಕೆ ಇಳಿಸುವಾಗ ಅದು ಇಗರ್ಜಿಯಾಗಿಬಿಟ್ಟಿತು. ಹೆಸರನ್ನೇ ಸರಿಯಾಗಿ ಓದದವರು ಇಸವಿಯನ್ನು ಸರಿಯಾಗಿ ಓದಿದ್ದಾರೆ ಎಂದು ನಂಬುವುದು ಹೇಗೆ? ಪ್ರವಾಸಿ ಕೈಪಿಡಿಗಳು 1971 ಎಂದು ಬರೆಯುತ್ತವೆ, ಶಾಲೆಯ ಪ್ರವಾಸಕ್ಕೆ ಹೋದ ಮಕ್ಕಳು ವಹಿಯಲ್ಲಿ ಅದನ್ನೇ ಇಳಿಸಿಕೊಳ್ಳುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಸಂಶೋಧನಾ ಪ್ರಬಂಧವೂ ಅದನ್ನೇ ಇಳಿಸಿಕೊಂಡರೆ ಮಾತ್ರ ತಕರಾರು.

ಈಗ ಸಾಕ್ಷ್ಯ. ಲಕ್ಷ್ಮೇಶ್ವರದ, ಅಂದರೆ ಹಳೆಯ ಪುಲಿಗೆರೆಯ, ಶಂಖ ಬಸದಿಯ ಶಾಸನವನ್ನು ನೆನೆಯಿರಿ. ಅಲ್ಲಿ ಗಂಗ ಮಾರಸಿಂಹನ ಶಕ 890ರ (ಕ್ರಿ.ಶ. 968–69) ದಾನದ ಜೊತೆಗೆ ಬಾದಾಮಿ ಚಾಲುಕ್ಯ ಅರಸರ ಹೆಸರಿನ ದಾನಗಳೂ ಇವೆ. ಒಕ್ಕಣೆ ಹೇಳುವ ಕಾಲ ಒಂದು, ಅಕ್ಷರದ ಮೈಕಟ್ಟು ಹೇಳುವ ಕಾಲ ಇನ್ನೊಂದು. ಶಾಸನತಜ್ಞ ಫ್ಲೀಟ್ ಒಕ್ಕಣೆಯನ್ನು ಬದಿಗಿಟ್ಟು ಲಿಪಿಯನ್ನು ನಂಬಿದ. ಹಳೆಯ ಮೂಲವನ್ನು ಆಮೇಲೆ ನಕಲು ಮಾಡಿರಬೇಕು ಎಂಬ ವಾದವೂ ಇದೆ, ನನ್ನ ಒಲವು ಆ ಕಡೆಗೇ. ಆದರೆ ಕಲ್ಲು ಕಡೆದ ಕಾಲದ ಪ್ರಶ್ನೆ ಬಂದಾಗ ಲಿಪಿಯೇ ಕೊನೆಯ ಮಾತು ಎಂಬುದನ್ನು ಎರಡೂ ಪಕ್ಷದವರು ಒಪ್ಪುತ್ತಾರೆ.

ಹಡಗಿಗೂ ಲಿಪಿ ಇದೆ. ಚಪಲ್‌ನ ಎರಡೂ ಪಕ್ಕಗಳಲ್ಲಿ ಎರಡೆರಡರಂತೆ ನಾಲ್ಕು ಕ್ಷಿಪಣಿ ಉಡಾವಣಾ ಕೊಳವೆಗಳಿವೆ. ಅವು ದುಂಡಗಿವೆ. ನನ್ನ ವಾದವೆಲ್ಲ ಈ ಒಂದು ಶಬ್ದದ ಮೇಲೆ ನಿಂತಿದೆ.

ಸೋವಿಯತ್ ಒಕ್ಕೂಟದ ‘ಓಸಾ’ (ರಷ್ಯನ್ನಿನಲ್ಲಿ ಕಣಜ) ದೋಣಿಗಳಲ್ಲಿ ಎರಡು ಪೀಳಿಗೆ. ಮೊದಲ ಪೀಳಿಗೆಯ ದೋಣಿಗಳು ಹೊತ್ತ ಪಿ-15 ಕ್ಷಿಪಣಿಯ ರೆಕ್ಕೆಗಳು ಮಡಚುತ್ತಿರಲಿಲ್ಲ. ಚಾಚಿದ ರೆಕ್ಕೆಯ ಕ್ಷಿಪಣಿಯನ್ನು ಮಳೆ, ಉಪ್ಪುನೀರಿನಿಂದ ಕಾಯಬೇಕಾದರೆ ಅಗಲವಾದ ಪೆಟ್ಟಿಗೆಯೇ ಬೇಕು. ಹಾಗಾಗಿ ಆ ದೋಣಿಗಳ ಮೇಲೆ ಬಾಗಿಲಿರುವ ಚೌಕಟ್ಟಿನ ಗೂಡುಗಳಿದ್ದವು. ಮುಂದೆ ರೆಕ್ಕೆ ಮಡಚುವ ಮಾದರಿ ಬಂತು. ರೆಕ್ಕೆ ಮಡಚಿದ ಮೇಲೆ ಪೆಟ್ಟಿಗೆಯ ಅಗಲ ದಂಡವಾಗುತ್ತದೆ, ದುಂಡು ಕೊಳವೆ ಸಾಕು. ಇದೇ ಎರಡನೆಯ ಪೀಳಿಗೆಯ ಗುರುತು. ಕರಾಚಿಗೆ ಹೋದವು ಗೂಡಿನ ದೋಣಿಗಳು. ಟ್ಯಾಗೋರ್ ತೀರದಲ್ಲಿ ನಿಂತಿರುವುದು ಕೊಳವೆಯ ದೋಣಿ. ಇದನ್ನು ಕಾಣಲು ಪತ್ರಾಗಾರಕ್ಕೆ ಹೋಗಬೇಕಿಲ್ಲ. ಮರಳಿನ ಮೇಲೆ ನಿಂತು ತಲೆ ಎತ್ತಿದರೆ ಸಾಕು.

ಇದೊಂದೇ ಸಾಲದು ಎನ್ನುವವರಿಗೆ ಇನ್ನೆರಡು. 1971ರಲ್ಲಿ ಭಾರತಕ್ಕೆ ಬಂದ ಎಂಟು ದೋಣಿಗಳ ಹೆಸರು: ವೀರ್, ವಿದ್ಯುತ್, ವಿಜೇತಾ, ವಿನಾಶ್, ನಿಪಾತ್, ನಾಶಕ್, ನಿರ್ಭೀಕ್, ನಿರ್ಘಾತ್. ಎಲ್ಲವೂ ವಕಾರ, ಇಲ್ಲವೇ ನಕಾರ. ಎರಡನೆಯ ಎಂಟು: ಪ್ರಚಂಡ್, ಪ್ರಳಯ್, ಪ್ರತಾಪ್, ಪ್ರಬಲ್, ಚಪಲ್, ಚಮಕ್, ಚಟಕ್, ಚರಗ್. ಇಲ್ಲಿ ಪಕಾರ, ಚಕಾರ. ಮೊದಲ ಎಂಟಕ್ಕೆ ಕೆ-82ರಿಂದ ಕೆ-89ರವರೆಗಿನ ಅಂಕೆ, ಎರಡನೆಯ ಎಂಟಕ್ಕೆ ಕೆ-90ರಿಂದ ಕೆ-97. ಚಪಲ್‌ನ ಅಂಕೆ ಕೆ-94. ಅದು ನೌಕಾಪಡೆ ಸೇರಿದ್ದು 1976ರಲ್ಲಿ, ನಿವೃತ್ತಿಯಾದದ್ದು 2005ರಲ್ಲಿ, ಜನರಿಗೆ ತೆರೆದದ್ದು 2006ರಲ್ಲಿ. ಆಕಾರ, ಹೆಸರು, ಅಂಕೆ ಮೂರೂ ಒಂದೇ ಕಡೆ ಬೆರಳು ಮಾಡಿದಾಗ, 1971 ಎಂಬ ಒಕ್ಕಣೆಯನ್ನು ಬಿಡದೆ ಬೇರೆ ದಾರಿಯಿಲ್ಲ.

ಹಿರಿಯರ ಪರವಾಗಿ ಬರಬಹುದಾದ ಸಮರ್ಥನೆಯನ್ನೂ ಪರಿಶೀಲಿಸೋಣ. ಚಪಲ್ ತಾನೇ ಹೋಗದಿದ್ದರೂ ಅದರ ದಳ ಹೋಗಿತ್ತಲ್ಲ, ದಳದ ಕೀರ್ತಿ ದೋಣಿಗೂ ಸಲ್ಲಬೇಕಲ್ಲ ಎನ್ನಬಹುದು. ಕರಾಚಿಯ ಕೀರ್ತಿ ಹೊತ್ತ ಪರಂಪರೆಗೆ ಮನ್ನಣೆ ಇದೆ, ನಿಜ. 2021ರ ಡಿಸೆಂಬರಿನಲ್ಲಿ 22ನೆಯ ಕ್ಷಿಪಣಿ ನೌಕಾದಳಕ್ಕೆ ರಾಷ್ಟ್ರಪತಿಗಳ ಧ್ವಜ ಸಂದಿತು. ಆದರೆ ಕೀರ್ತಿ ಪಾಲಿಗೆ ಬರಬಹುದು, ಹಾಜರಿ ಬರುವುದಿಲ್ಲ. ಬ್ರಿಟಿಷರ ವಿರುದ್ಧ ಬಂಡೆದ್ದ ಮುಂಡರಗಿ ಭೀಮರಾಯನ ಮನೆತನದಲ್ಲಿ ಆಮೇಲೆ ಹುಟ್ಟಿದವರನ್ನು 1858ರ ಕೊಪ್ಪಳ ಕೋಟೆಯಲ್ಲಿ ಕಾದಾಡಿದವರು ಎಂದು ಯಾರೂ ಬರೆಯುವುದಿಲ್ಲ.

ಎರಡನೆಯ ಮಾತಿಗೆ, ಗನ್‌ಗೆ, ಬರೋಣ. ಚಪಲ್‌ನ ಮುಂದೊಂದು, ಹಿಂದೊಂದು ಮೊಟ್ಟೆಯಾಕಾರದ ಪುಟ್ಟ ಗೋಪುರ, ಪ್ರತಿಯೊಂದರಿಂದ ಎರಡು ನಳಿಗೆ. ಇದು ಎಕೆ-230. ನಳಿಗೆಯ ಒಳವ್ಯಾಸ 30 ಮಿ.ಮೀ., ಉದ್ದ ಅದರ 63 ಪಟ್ಟು, ಅಂದರೆ ಹತ್ತಿರಹತ್ತಿರ 1.9 ಮೀಟರ್. ಗೋಪುರದೊಳಗೆ ಆಳು ಕೂರುವುದಿಲ್ಲ. ರೇಡಾರ್ ಗುರಿ ಹಿಡಿದುಕೊಟ್ಟಂತೆ ಗೋಪುರ ತಿರುಗುತ್ತದೆ. ನಳಿಗೆಯ ಹಿಂದೆ ರಿವಾಲ್ವರಿನಂತೆ ತಿರುಗುವ ನಾಲ್ಕು ಮನೆಗಳ ಉರುಳೆ. ಒಂದು ಮನೆಯಿಂದ ಗುಂಡು ಹಾರುತ್ತಿರುವಾಗಲೇ ಮತ್ತೊಂದಕ್ಕೆ ಸರದಿಂದ ಗುಂಡು ಬಂದು ಕೂತಿರುತ್ತದೆ. ವೇಗ ನಳಿಗೆಯೊಂದಕ್ಕೆ ನಿಮಿಷಕ್ಕೆ 1000 ಗುಂಡು. ಸರದಲ್ಲಿ ಇರುವುದು 500. ಲೆಕ್ಕ ಹಾಕಿ: ಬೆರಳೆತ್ತದೆ ಹೊಡೆದರೆ ಅರ್ಧ ನಿಮಿಷದಲ್ಲಿ ಸರ ಬರಿದು. ಅಷ್ಟು ಹೊತ್ತಿಗೆ ನಳಿಗೆ ಕಾದು ಕೆಂಡವಾಗಬಾರದೆಂದು ಸುತ್ತ ನೀರು ಹರಿಸುವ ಏರ್ಪಾಡು. ಈ ಗನ್ ವಿಮಾನಕ್ಕೂ ಸರಿ, ಹತ್ತಿರ ಬಂದ ದೋಣಿಗೂ ಸರಿ. (ನೌಕಾಪಡೆಗಳ ರೂಢಿಯಲ್ಲಿ ‘ಉಭಯೋದ್ದೇಶದ ಗನ್’ ಎಂಬ ಮಾತು ಸಾಮಾನ್ಯವಾಗಿ 76 ಮಿ.ಮೀ. ಮತ್ತು ಅದಕ್ಕಿಂತ ದೊಡ್ಡದಕ್ಕೆ ಸಲ್ಲುತ್ತದೆ. ಹಿರಿಯರು ಇದನ್ನು ಆ ಪಂಕ್ತಿಗೆ ಸೇರಿಸಿದ್ದನ್ನು ನಾನು ದೊಡ್ಡ ತಪ್ಪೆಂದು ಎಣಿಸುವುದಿಲ್ಲ.)

1971ರ ದೋಣಿಗಳ ಮೇಲೂ ಇದೇ ಎಕೆ-230 ಇತ್ತು. ಹಿರಿಯರು ಜಾರಿದ್ದು ಇಲ್ಲಿಯೇ ಎಂದು ನನ್ನ ಊಹೆ. ಎರಡು ಪೀಳಿಗೆಗೂ ಸಮಾನವಾದ ಗನ್ನನ್ನು ಕಾಲನಿರ್ಣಯಕ್ಕೆ ಬಳಸಿದರು. ಪೀಳಿಗೆಯಿಂದ ಪೀಳಿಗೆಗೆ ಬದಲಾದ ಕೊಳವೆಯನ್ನು ನೋಡಲಿಲ್ಲ. ನೂರಾರು ವರ್ಷ ಬದಲಾಗದ ಅಕ್ಷರದಿಂದ ಶಾಸನದ ಕಾಲ ಹೇಳಬಾರದು ಎಂದು ನನಗೆ ಹೇಳಿಕೊಟ್ಟವರೂ ಅವರೇ.

ಮೂರನೆಯ ತಪ್ಪು ಭಾಷೆಯದು. ‘ಸ್ವಯಂಚಾಲಿತ’ ಎಂಬ ಶಬ್ದವನ್ನು ನಾವು ಕರೆಂಟಿನಿಂದ ತಿರುಗುವುದಕ್ಕೆಲ್ಲ ಅಂಟಿಸುತ್ತೇವೆ. ಬೆಟಗೇರಿಯ ನೇಕಾರರು ಹಾಗೆ ಮೋಸ ಹೋಗುವುದಿಲ್ಲ. ವಿದ್ಯುತ್ ಮಗ್ಗದಲ್ಲಿ ಲಾಳಿಯನ್ನು ಎಸೆಯುವುದು ಮೋಟಾರು, ನಿಜ. ಆದರೆ ಕಂಡಿಕೆಯ ನೂಲು ಮುಗಿದಾಗ ಮಗ್ಗ ನಿಲ್ಲಿಸಿ ಹೊಸ ಕಂಡಿಕೆ ತೊಡಿಸುವುದು ನೇಕಾರನ ಕೈ. ಕಂಡಿಕೆಯನ್ನೂ ತಾನೇ ಬದಲಿಸಿಕೊಳ್ಳುವ ಮಗ್ಗ ಮಾತ್ರ ಆಟೋಮ್ಯಾಟಿಕ್ ಮಗ್ಗ. ಗನ್ನಿಗೂ ಇದೇ ಅಳತೆ. ತಿರುಗಿಸುವವರು ಯಾರು ಎಂಬುದು ಪ್ರಶ್ನೆಯಲ್ಲ, ಗುಂಡು ತುಂಬುವವರು ಯಾರು ಎಂಬುದು ಪ್ರಶ್ನೆ.

ಈ ಅಳತೆಗೆ ‘ಮೈಸೂರು’ ಹಡಗನ್ನು ಹಿಡಿಯೋಣ. ಭಾರತದ ನೌಕಾಪಡೆಯಲ್ಲಿ ಈ ಹೆಸರಿನ ಹಡಗು ಎರಡು, ಎರಡರ ಅಂಕೆಯೂ 60. ಮೊದಲನೆಯದು ಸಿ-60. ಬ್ರಿಟನ್ನಿನ ‘ನೈಜೀರಿಯಾ’ ಎಂಬ ಕ್ರೂಸರ್. 1954ರಲ್ಲಿ ಕೊಂಡು, ದುರಸ್ತಿ ಮಾಡಿಸಿ, 1957ರ ಆಗಸ್ಟ್ 29ರಂದು ಸೇವೆಗೆ ಸೇರಿಸಿದ್ದು. (ಕೊಂಡಾಗ ಗದಗ ಮುಂಬಯಿ ರಾಜ್ಯದಲ್ಲಿತ್ತು, ಸೇವೆಗೆ ಸೇರುವ ಹೊತ್ತಿಗೆ ನಾವೂ ಮೈಸೂರು ರಾಜ್ಯದವರಾಗಿದ್ದೆವು. ಆ ಹಡಗಿನ ಮೇಲೆ ನಮಗೂ ಅಷ್ಟಿಷ್ಟು ಹಕ್ಕಿದೆ.) ಎರಡನೆಯದು ಡಿ-60, ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ ಕಟ್ಟಿ 1999ರ ಜೂನ್ 2ರಂದು ಸೇವೆಗೆ ಸೇರಿದ ವಿಧ್ವಂಸಕ ನೌಕೆ. 1971ರಲ್ಲಿ ಪಶ್ಚಿಮ ನೌಕಾಬಳಗದ ಧ್ವಜನೌಕೆಯಾಗಿದ್ದುದು ಸಿ-60. ಸ್ವಯಂಚಾಲಿತ ಉಭಯೋದ್ದೇಶದ ಗನ್ ಇರುವುದು ಡಿ-60ರಲ್ಲಿ. ಹಿಂದಿನ ಅಕ್ಷರ ಬಿದ್ದುಹೋಗಿ ಬರೀ 60 ಉಳಿದರೆ ಎರಡು ಹಡಗು ಒಂದಾಗುತ್ತವೆ. ಮುದ್ರಣಕ್ಕೆ ಹೆಸರಾದ ಗದಗಿನವರಿಗೆ ಬಿದ್ದ ಒಂದು ಅಕ್ಷರದ ಬೆಲೆ ಗೊತ್ತಿರಬೇಕು.

ಹೋಲಿಕೆ ಮಾತ್ರ ರುಚಿಕಟ್ಟಾಗಿದೆ. ಸಿ-60ರಲ್ಲಿ ಆರು ಇಂಚಿನ ಒಂಬತ್ತು ದೊಡ್ಡ ಗನ್‌ಗಳಲ್ಲದೆ, ಜೋಡಿಜೋಡಿಯಾಗಿ ನಾಲ್ಕು ಇಂಚಿನ ಎಂಟು ಗನ್‌ಗಳಿದ್ದವು. ಆ ಎಂಟೂ ಉಭಯೋದ್ದೇಶದವು. ಹಿರಿಯರ ಮಾತಿನ ಅರ್ಧ ಇಲ್ಲಿ ಸರಿ. ಆದರೆ ತುಂಬುವುದು ಕೈಯಿಂದ. ಮದ್ದು, ಗುಂಡು ಒಂದೇ ಆಗಿ ಬೆಸೆದ, ಸುಮಾರು 29 ಕಿಲೋ ತೂಗುವ ತೋಟಾವನ್ನು ಹೊಯ್ದಾಡುವ ಅಟ್ಟದ ಮೇಲೆ ನಾವಿಕ ಎದೆಗವಚಿ ತಂದು ಹಿಂಬಾಯಿಗೆ ತಳ್ಳಬೇಕು. ಅರ್ಧ ಚೀಲ ಶೇಂಗಾ ಹೊತ್ತು ನಿಮಿಷಕ್ಕೆ ಹದಿನೈದು ಸಲ ಬಂಡಿಗೆ ಏರಿಸಿದಂತೆ. ಸೇವೆಗೆ ಸೇರುವಾಗ ಡಿ-60ರ ಮುಂಭಾಗದಲ್ಲಿದ್ದ ಎಕೆ-100ರಲ್ಲಿ ಇರುವುದು ಒಂದೇ ನಳಿಗೆ, 100 ಮಿ.ಮೀ. ವ್ಯಾಸದ್ದು, ಹಳೆಯ ನಾಲ್ಕು ಇಂಚಿಗೂ ಇದಕ್ಕೂ ಎರಡು ಮಿ.ಮೀ. ಕೂಡ ಅಂತರವಿಲ್ಲ. ಹಾರುವ ಗುಂಡಿನ ತೂಕವೂ ಎರಡರಲ್ಲಿ ಹೆಚ್ಚುಕಡಿಮೆ ಒಂದೇ, 15–16 ಕಿಲೋ. ಆದರೆ ಈ ಒಂದು ನಳಿಗೆ ನಿಮಿಷಕ್ಕೆ 60 ಗುಂಡು ಹೊಡೆಯುತ್ತದೆ, ನಾಲ್ಕು ಕೈಗನ್ನುಗಳ ಕೆಲಸ. ಹೆಸರು ಒಂದು, ಅಂಕೆ ಒಂದು, ಗುಂಡು ಒಂದು. ಬದಲಾದದ್ದು ತುಂಬುವ ಕೈ.

ಹಾಗಾದರೆ 1971ರ ಕರಾಚಿ ದಾಳಿಯಲ್ಲಿ ಸ್ವಯಂಚಾಲಿತ ಉಭಯೋದ್ದೇಶದ ಗನ್ ಇರಲೇ ಇಲ್ಲವೇ? ಇತ್ತು, ಹಿರಿಯರು ಹುಡುಕಿದ ಜಾಗದಲ್ಲಿ ಅಲ್ಲ. ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ದೋಣಿಗಳ ಜೊತೆಗೆ ಕಿಲ್ತಾನ್, ಕಚಲ್ ಎಂಬ ಎರಡು ಹಡಗುಗಳೂ ಹೋಗಿದ್ದವು. ಕ್ಷಿಪಣಿಯ ಅಬ್ಬರದಲ್ಲಿ ಇವುಗಳ ಹೆಸರು ಅಡಿಟಿಪ್ಪಣಿಗೆ ಇಳಿದಿದೆ. ಇವು ಅರ್ನಾಲಾ ವರ್ಗದವು. ಒಂದೊಂದರಲ್ಲೂ ಮುಂದೊಂದು, ಹಿಂದೊಂದು ಎಕೆ-726, ಅಂದರೆ 76.2 ಮಿ.ಮೀ.ನ ಜೋಡಿನಳಿಗೆಯ ಸ್ವಯಂಚಾಲಿತ ಗನ್. ಆ ರಾತ್ರಿ ಗೆದ್ದದ್ದು ಕ್ಷಿಪಣಿಯೇ. ಗನ್ ಗೆದ್ದಿತೆಂದು ನಾನು ಹೇಳುತ್ತಿಲ್ಲ. ಆದರೆ ಗನ್ನಿನ ಚರಿತ್ರೆ ಬರೆಯುವವನು ಅದು ಇದ್ದ ಹಡಗನ್ನು ಬಿಟ್ಟು, ಆಗ ಹುಟ್ಟೇ ಇರದ ಹಡಗಿನ ಮುಂದೆ ಕೈಮುಗಿಯಬಾರದು.

ಆ ಅರ್ನಾಲಾ ವರ್ಗದಲ್ಲಿಯೇ 1972ರಲ್ಲಿ ಸೇವೆಗೆ ಸೇರಿದ ಇನ್ನೊಂದು ಹಡಗಿನ ಹೆಸರು ಅಂಜದೀಪ್. ಕಾರವಾರದ ಎದುರಿಗೇ ಇರುವ ಅಂಜದೀವ್ ದ್ವೀಪದ ಹೆಸರು ಅದು. 1961ರ ಡಿಸೆಂಬರ್ 18ರಂದು ಪೋರ್ಚುಗೀಸರಿಂದ ಆ ದ್ವೀಪವನ್ನು ಬಿಡಿಸಲು ಬಂದದ್ದು ಎರಡು ಹಡಗು: ಒಂದು ತ್ರಿಶೂಲ್, ಇನ್ನೊಂದು ನಮ್ಮ ಸಿ-60, ಕೈಯಿಂದ ಗುಂಡು ತುಂಬುವ ಅದೇ ಮೈಸೂರು. ದ್ವೀಪಕ್ಕೆ ಇಳಿದ ನಾವಿಕರಲ್ಲಿ ಏಳು ಜನ ಮಡಿದರು. ದ್ವೀಪ ಈಗ ಕದಂಬ ನೌಕಾನೆಲೆಯ ಅಲೆತಡೆಗೆ ಬೆಸೆದುಕೊಂಡಿದೆ. ಟ್ಯಾಗೋರ್ ತೀರಕ್ಕೆ ಕರಾಚಿ ಬಲು ದೂರ; ಈ ಯುದ್ಧಭೂಮಿ ಪಕ್ಕದಲ್ಲೇ. ಹಿರಿಯರ ಪ್ರಬಂಧದಲ್ಲಿ ಅಂಜದೀವ್‌ಗೆ ಒಂದು ಸಾಲೂ ಇಲ್ಲ.

ಫ್ಲೀಟನ ತೀರ್ಪಿನಿಂದ ಶಂಖ ಬಸದಿಯ ಕಲ್ಲು ಬೆಲೆ ಕಳೆದುಕೊಳ್ಳಲಿಲ್ಲ. ಚಾಲುಕ್ಯರ ದಾನ ಎಂಬ ಮಾತು ಆಮೇಲಿನವರಿಗೆ ಏಕೆ ಬೇಕಾಗಿತ್ತು ಎಂಬ ಪ್ರಶ್ನೆಗೆ ಅದು ಸಾಕ್ಷಿಯಾಯಿತು. ಚಪಲ್‌ನ 1971 ಕೂಡ ಹಾಗೆಯೇ. ಅದನ್ನು ಕರಾಚಿಯ ಚರಿತ್ರೆಯಿಂದ ತೆಗೆದುಹಾಕಬೇಕು. ದಡದಲ್ಲಿ ನಿಂತು ತಲೆಯೆತ್ತಿ ನೋಡುವ ನಮ್ಮ ಚರಿತ್ರೆಯಲ್ಲಿ, ಎರೆಮಣ್ಣಿನ ಊರುಗಳಿಂದ ಘಟ್ಟ ಇಳಿದು ಬಂದವರಿಗೆ ಯುದ್ಧ ಮಾಡದ ಹಡಗು ಸಾಲದೆನಿಸಿತು ಎಂಬುದಕ್ಕೆ ಸಾಕ್ಷಿಯಾಗಿ, ಇಟ್ಟುಕೊಳ್ಳಬೇಕು. ಸುಮಾರು ಮೂವತ್ತು ವರ್ಷ ಕಾವಲು ಕಾದ ಹಡಗು ಅದು. ಅದರ ಕೊಳವೆ ದುಂಡಗಿದೆ ಎಂದು ಹೇಳುವುದರಿಂದ ಅದಕ್ಕೆ ಅವಮಾನವೇನೂ ಆಗುವುದಿಲ್ಲ.